ಹಾಡಿಯ ಮಕ್ಕಳು ಐದನೇ ತರಗತಿಗೆ ಬಂದರೂ ಓದಲು ತಡವರಿಸುವುದೇಕೆ?

ಪ್ರಶ್ನೆ: ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಹಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ಹೋದ ವರ್ಷ ವರ್ಗವಾಗಿ ಬಂದಿದ್ದೇನೆ. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಜೇನು ಕುರುಬ ಆದಿವಾಸಿಗಳ ಹಾಡಿಗಳಿಂದ (ಕಾಡಂಚಿನ ವಸತಿಗಳಿಂದ) ಬರುತ್ತಾರೆ. ಒಂದನೇ ತರಗತಿಗೆ ಎಲ್ಲರೂ ಸೇರುತ್ತಾರೆ. ಐದಕ್ಕೆ ಬರುವಷ್ಟರಲ್ಲಿ ಹಲವರಿಗೆ ಒಂದು ಪ್ಯಾರಾ ಓದಲು ಬರುವುದಿಲ್ಲ. ಏಳು ಮುಗಿಸಿ ಹೈಸ್ಕೂಲಿಗೆ ಹೋಗುವವರು ಬೆರಳೆಣಿಕೆ. "ಅವರಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ" ಎಂದು ಕೇಳಿದವರೆಲ್ಲ ಹೇಳುತ್ತಾರೆ. ಶಿಕ್ಷಕಿಯಾಗಿ ನನ್ನ ಕೈಯಲ್ಲಿ ಏನಿದೆ?

ಉತ್ತರ: ಆಸಕ್ತಿ ಇಲ್ಲದ ಮನೆಯವರು ಮಗುವನ್ನು ಒಂದನೇ ತರಗತಿಗೂ ಕಳಿಸುವುದಿಲ್ಲ. ಎಲ್ಲರೂ ಸೇರುತ್ತಾರೆ ಎಂದು ನೀವೇ ಬರೆದಿದ್ದೀರಿ. ಸೇರಿದ ಮೇಲೆ ಏನಾಗುತ್ತದೆ ಎಂದು ಹಾಜರಿ ಪುಸ್ತಕದಲ್ಲಿಯೇ ನೋಡಬಹುದು. ಕಳೆದ ಎರಡು ವರ್ಷದ ಪುಸ್ತಕ ತೆಗೆದು, ಹಾಡಿಯ ಪ್ರತಿ ಮಗುವಿನ ಹೆಸರಿನ ಮುಂದೆ ತಿಂಗಳುವಾರು ಹಾಜರಿ ದಿನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸುಮಾರಾಗಿ ಬಂದ ಮಗು ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಣೆಯಾಗಿರುವುದು ಬಹುಶಃ ಎದ್ದು ಕಾಣುತ್ತದೆ. ಆಗ ಕೊಡಗಿನಲ್ಲಿ ಕಾಫಿ ಕೊಯ್ಲು. ನವೆಂಬರ್ ಹೊತ್ತಿಗೆ ಅರೇಬಿಕಾ ಶುರುವಾಗುತ್ತದೆ, ರೋಬಸ್ಟಾ ಫೆಬ್ರವರಿ-ಮಾರ್ಚ್‌ವರೆಗೂ ಎಳೆಯುತ್ತದೆ. ನಡುವೆ ಮೆಣಸು, ಶುಂಠಿ ಕೀಳುವ ಕೆಲಸ. ಗಂಡ ಹೆಂಡತಿ ಇಬ್ಬರೂ ತೋಟದ ಕೂಲಿಯವರ ಲೈನ್ ಮನೆಗೆ ಹೋದರೆ ಮಗುವೂ ಹೋಗುತ್ತದೆ. ಹತ್ತು ವರ್ಷದ ಹುಡುಗಿಯಾದರೆ ಕೂಸನ್ನು ಎತ್ತಿಕೊಳ್ಳಲಿಕ್ಕೆಂದೇ ಹೋಗುತ್ತಾಳೆ.

ಮೂರು ತಿಂಗಳ ನಂತರ ಮಗು ಹಿಂದಿರುಗಿದಾಗ ತರಗತಿ ಮುಂದೆ ಹೋಗಿರುತ್ತದೆ. ಪಾಠ ಅರ್ಥವಾಗುವುದಿಲ್ಲ, ನಾಲ್ಕು ಜನರ ಎದುರು "ಇಷ್ಟು ದಿನ ಎಲ್ಲಿ ಹೋಗಿದ್ದೆ?" ಎಂಬ ಪ್ರಶ್ನೆ ಬೇರೆ. ಎರಡು ದಿನ ಬಂದು ಮೂರನೇ ದಿನ ಬರುವುದಿಲ್ಲ. ಹೋಗುವುದನ್ನು ತಡೆಯುವುದು ನಿಮ್ಮೊಬ್ಬರ ಕೈಯಲ್ಲಿಲ್ಲ. ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯುವ ದಾರಿಯನ್ನು ಕಟ್ಟಿಡುವುದು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ. ಈ ಉತ್ತರದಲ್ಲಿ ಹೇಳುವುದೆಲ್ಲ ಆ ದಾರಿಯ ಬಗ್ಗೆಯೇ.

ಅದಕ್ಕೆ ಬೇಕಾದ ಸಾಧನ ನಿಮ್ಮ ತಾಲ್ಲೂಕಿನಲ್ಲೇ ಹುಟ್ಟಿದ್ದು. ಸಣ್ಣ ತರಗತಿಗಳ ಮಕ್ಕಳು ತಮ್ಮ ವೇಗದಲ್ಲಿ ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಪದ್ಧತಿ ಶುರುವಾದದ್ದು 1995ರಲ್ಲಿ, ಯುನಿಸೆಫ್ ನೆರವಿನೊಂದಿಗೆ, ಇದೇ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿಯ ಮಾದರಿಯನ್ನು ನೋಡಿಬಂದ ಸರ್ಕಾರಿ ಶಿಕ್ಷಕರೇ ಅದನ್ನು ಇಲ್ಲಿಗೆ ಒಗ್ಗಿಸಿದರು. ಕಲಿಕಾ ಮೆಟ್ಟಿಲು (ಕಲಿಯಬೇಕಾದ್ದನ್ನು ಸಣ್ಣ ಹಂತಗಳಾಗಿ ಜೋಡಿಸಿದ ಪಟ), ಚಟುವಟಿಕೆಯ ಕಾರ್ಡು, ಮಕ್ಕಳ ಗುಂಪನ್ನು ಸೂಚಿಸುವ ತಟ್ಟೆ, ಪ್ರಗತಿನೋಟ (ಪ್ರತಿ ಮಗು ಎಲ್ಲಿಯವರೆಗೆ ಕಲಿತಿದೆ ಎಂಬ ದಾಖಲೆ) ಎಲ್ಲವೂ ಒಂದು ಸರಳ ವಿಚಾರದ ಮೇಲೆ ನಿಂತಿವೆ: ಮಗು ನಿಂತ ಮೆಟ್ಟಿಲು ಗೊತ್ತಿದ್ದರೆ ಎಷ್ಟು ದಿನ ಬಿಟ್ಟು ಬಂದರೂ ಅಲ್ಲಿಂದಲೇ ಹತ್ತಿಸಬಹುದು. ಈಗ ಬಹಳ ಕಡೆ ಮೆಟ್ಟಿಲು ಗೋಡೆಯ ಅಲಂಕಾರವಾಗಿದೆ, ಪಾಠ ಮಾತ್ರ ಎಲ್ಲರಿಗೂ ಒಟ್ಟಿಗೇ ನಡೆಯುತ್ತದೆ. ಹಾಡಿಯ ಮಗುವಿಗೆ ಅತಿ ಹೆಚ್ಚು ನಷ್ಟ ಮಾಡುವ ಸಡಿಲಿಕೆ ಇದು. ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿಯನ್ನು ಬರೆದಿಟ್ಟ ಹಾಗೆಯೇ ನಡೆಸಿ. ಪ್ರಗತಿನೋಟವನ್ನು ವಾರಕ್ಕೊಮ್ಮೆಯಾದರೂ ತುಂಬಿ, ತಿಂಗಳ ಕೊನೆಗೆ ಒಟ್ಟಿಗೆ ತುಂಬಬೇಡಿ. ವಲಸೆ ಹೊರಟ ಮಗುವಿನ ಮೆಟ್ಟಿಲ ಸಂಖ್ಯೆಯನ್ನೂ ಮುಂದಿನ ಎಂಟು-ಹತ್ತು ಕಾರ್ಡುಗಳ ನಕಲನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅದರ ಚೀಲದಲ್ಲೇ ಕಳಿಸಿಬಿಡಿ.

ನಾಲ್ಕರಿಂದ ಏಳನೇ ತರಗತಿಯ ಮಕ್ಕಳಿಗೆ ಈ ಮೆಟ್ಟಿಲು ಇಲ್ಲ. ಅಲ್ಲಿ ತರಗತಿಯನ್ನು ಮರೆತು ಮಟ್ಟವನ್ನು ಹಿಡಿಯಬೇಕು. ಜೂನ್ ಮೊದಲ ಹದಿನೈದು ದಿನದಲ್ಲಿ ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿಕೊಂಡು ಓದಿಸಿ. ಅಕ್ಷರಗಳು, ಎರಡು-ಮೂರಕ್ಷರದ ಸರಳ ಪದಗಳು, ನಾಲ್ಕು ಸಾಲಿನ ಒಂದು ಪ್ಯಾರಾ, ಹತ್ತು ಸಾಲಿನ ಒಂದು ಕಥೆ, ಹೀಗೆ ನಾಲ್ಕು ಹಂತ. ಅಕ್ಷರ ಮತ್ತು ಪದದಲ್ಲಿ ಐದಕ್ಕೆ ನಾಲ್ಕು ಸರಿಯಾದರೆ ಆ ಹಂತ ದಾಟಿದಂತೆ. ಒಂದು ಮಗುವಿಗೆ ಐದಾರು ನಿಮಿಷ ಸಾಕು. ಆಮೇಲೆ ದಿನಕ್ಕೆ ಒಂದು ಗಂಟೆ ಎಲ್ಲ ತರಗತಿಗಳನ್ನೂ ಒಡೆದು, ಹಂತದ ಪ್ರಕಾರ ಗುಂಪು ಮಾಡಿ ಕೂರಿಸಿ. ಏಳನೆಯ ಹುಡುಗ ಪದದ ಗುಂಪಿನಲ್ಲಿದ್ದರೆ ಇರಲಿ. ಅವನಿಗೆ ಅವಮಾನವಾಗದಂತೆ, ಗುಂಪುಗಳಿಗೆ ಸಂಖ್ಯೆಯ ಬದಲು ಮರಗಳ ಹೆಸರಿಡಿ. ಈ ಕ್ರಮ ರಾಜ್ಯಕ್ಕೆ ಹೊಸದಲ್ಲ, 'ಓದು ಕರ್ನಾಟಕ' ಕಾರ್ಯಕ್ರಮ ನಡೆದದ್ದೂ ಹೀಗೆಯೇ.

ಮುಖ್ಯವಾದದ್ದು ಸಮಯದ ಆಯ್ಕೆ. ಜುಲೈ ಒಂದರಿಂದ ದಸರಾ ರಜೆಯವರೆಗೆ ನಿಮಗೆ ಸುಮಾರು 70 ಶಾಲಾ ದಿನಗಳು ಸಿಗುತ್ತವೆ. ಹಾಡಿಯ ಮಕ್ಕಳ ಪಾಲಿನ ಶೈಕ್ಷಣಿಕ ವರ್ಷ ಇದೇ ಎಂದುಕೊಳ್ಳಿ. ಓದು, ಬರಹ, ಕೂಡು-ಕಳೆಯ ಗಟ್ಟಿ ಕೆಲಸವನ್ನೆಲ್ಲ ಈ ದಿನಗಳಲ್ಲೇ ಮಾಡಿ. ಪ್ರತಿಭಾ ಕಾರಂಜಿಯ ತಯಾರಿ, ಕ್ರೀಡಾಕೂಟ, ಜಯಂತಿಗಳಿಗೆ ಇದೇ ದಿನಗಳನ್ನು ಬಲಿ ಕೊಡಬೇಕಾದ ಒತ್ತಡ ಬರುತ್ತದೆ. ಬಂದಾಗಲೂ ಆ ಒಂದು ಗಂಟೆಯನ್ನು ಮಾತ್ರ ಬಿಡಬೇಡಿ.

ಅಕ್ಟೋಬರ್‌ನಲ್ಲಿ ಹಾಡಿಗೆ ಹೋಗಿ, ಯಾವ ಮನೆಯವರು ಹೊರಡುತ್ತಾರೆ, ಯಾವ ಊರಿಗೆ, ಎಷ್ಟು ದಿನಕ್ಕೆ ಎಂದು ಕೇಳಿ ಬರೆದುಕೊಳ್ಳಿ. ಅಜ್ಜ-ಅಜ್ಜಿ ಹಾಡಿಯಲ್ಲೇ ಉಳಿಯುವುದಾದರೆ ಮಗು ಉಳಿಯಬಹುದೇ ಎಂದು ಆಗಲೇ ಮಾತಾಡಿ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನ ವಸತಿ ಕೇಂದ್ರಕ್ಕೆ (ಮನೆಯವರು ವಲಸೆ ಹೋದ ತಿಂಗಳುಗಳಲ್ಲಿ ಮಕ್ಕಳು ಉಳಿಯುವ ಜಾಗ) ಅವಕಾಶವಿದೆ. ಆದರೆ ಬೇಡಿಕೆ ಹಿಂದಿನ ವರ್ಷವೇ ಕ್ಷೇತ್ರ ಸಂಪನ್ಮೂಲ ಕೇಂದ್ರದ ಮೂಲಕ ಯೋಜನೆಯಲ್ಲಿ ಸೇರಿರಬೇಕು. ನವೆಂಬರ್‌ನಲ್ಲಿ ಕೇಳಿದರೆ ಆ ವರ್ಷಕ್ಕೆ ಸಿಗುವುದಿಲ್ಲ, ಬಹುತೇಕ ಶಾಲೆಗಳು ಎಡವುವುದೂ ಇಲ್ಲೇ. ಮೂರು ತಿಂಗಳು ಮೀರಿ ಹೋಗುವವರಿದ್ದರೆ ತೋಟದ ಹತ್ತಿರದ ಶಾಲೆಯ ಮುಖ್ಯಶಿಕ್ಷಕರಿಗೆ ಫೋನ್ ಮಾಡಿ. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದಿರಲು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಬಿಡುವುದಿಲ್ಲ. ಪೂರ್ತಿ ಬಿಟ್ಟುಹೋಗಿದ್ದ ಮಗು ಮರಳಿದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಮೂರು ತಿಂಗಳಿಂದ ಎರಡು ವರ್ಷದವರೆಗೆ ವಿಶೇಷ ತರಬೇತಿ ಕೊಡಬೇಕು. ಇದು 4ನೇ ಸೆಕ್ಷನ್ ಮತ್ತು ಅದರ ನಿಯಮಗಳ ಮಾತು. ಹತ್ತು ವರ್ಷದ ಮಗುವನ್ನು ಎರಡನೇ ತರಗತಿಯಲ್ಲಿ ಕೂರಿಸಿದರೆ ಅದು ಮತ್ತೆ ಹೋಗಿಬಿಡುತ್ತದೆ.

ಈಗ ಭಾಷೆಯ ವಿಷಯ. ಜೇನು ಕುರುಬ ನುಡಿ, ಸೋಲಿಗ ನುಡಿ ಕನ್ನಡಕ್ಕೆ ಹತ್ತಿರವಾದ್ದರಿಂದ "ಅವರಿಗೆ ಕನ್ನಡ ಬರುತ್ತದೆ" ಎಂದು ನಾವು ನಂಬಿಬಿಡುತ್ತೇವೆ. ಹತ್ತಿರವಿರುವುದೇ ಇಲ್ಲಿ ತೊಡಕು. ಎರವರ ಅಥವಾ ಕೊರಗರ ಮಗು ಬೇರೆ ಭಾಷೆ ಆಡಿದರೆ ಶಿಕ್ಷಕರಿಗೆ ಕೂಡಲೇ ತಿಳಿಯುತ್ತದೆ. ಜೇನು ಕುರುಬರ ಮಗು ಆಡಿದರೆ ಅದು 'ತಪ್ಪು ಕನ್ನಡ'ದಂತೆ ಕೇಳಿಸುತ್ತದೆ, ತಿದ್ದುತ್ತೇವೆ, ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮಗು ನಿಮ್ಮನ್ನು ಏಕವಚನದಲ್ಲಿ ಮಾತಾಡಿಸಿದರೆ ಅದನ್ನು ಉದ್ಧಟತನ ಎಂದು ತಿಳಿಯಬೇಡಿ. ಮನೆಯಲ್ಲಿ ಆಡುವ ಹಾಗೆಯೇ ಆಡಿರುತ್ತದೆ. ಬಹುವಚನ ಆರು ತಿಂಗಳಲ್ಲಿ ತಾನಾಗಿ ಬರುತ್ತದೆ. ಮೊದಲ ವಾರ ಗದರಿದರೆ ಮಾತೇ ಬರುವುದಿಲ್ಲ.

ಅಕ್ಷರದ ಮೊದಲ ಪಾಠವನ್ನೇ ಹತ್ತಿರದಿಂದ ನೋಡಿ. ನಲಿ-ಕಲಿಯ ಮೊದಲ ಗುಂಪು ರ, ಗ, ಸ, ದ, ಅ. ಇವುಗಳಿಂದ ಆಗುವ ಪದಗಳು ಸರ, ದರ, ಅರಸ, ಅಗಸ, ಗರಗಸ. ಹಾಡಿಯ ಆರು ವರ್ಷದ ಮಗು ಅರಸನನ್ನೂ ಕಂಡಿಲ್ಲ, ಅಗಸನನ್ನೂ ಕಂಡಿಲ್ಲ. ಅಕ್ಷರ ಕೂಡಿಸಿ ಓದುತ್ತದೆ, ಆದರೆ ಓದಿದ್ದು ಯಾವ ಚಿತ್ರವನ್ನೂ ಎಬ್ಬಿಸುವುದಿಲ್ಲ. ಎರಡನೇ ಗುಂಪಿನ ಜ, ವ, ಮ, ಬ, ನ ಸೇರಿದ ಕೂಡಲೇ ಮರ, ಬನ, ವನ, ಜನ ಸಿಗುತ್ತವೆ. ಅಲ್ಲಿ ಮಗುವಿನ ಮುಖ ಅರಳುವುದನ್ನು ನೀವೇ ಕಾಣುವಿರಿ. ಹಾಗಾಗಿ ಹಾಡಿಯ ಮಕ್ಕಳಿಗೆ ಈ ಎರಡು ಗುಂಪನ್ನು ಬೇಗ ಬೆಸೆದು, 'ಮರ'ವನ್ನು ಮೊದಲ ವಾರಗಳಲ್ಲೇ ತಂದುಬಿಡಿ. ಕ್ರಮ ಮುರಿದಂತಾಯಿತೆಂದು ಹೆದರಬೇಡಿ, ಅಕ್ಷರಗಳೇನೂ ಬಿಟ್ಟುಹೋಗುವುದಿಲ್ಲ.

ಅದಕ್ಕೂ ಮೊದಲು ಆರು ವಾರ ಬರೀ ಮಾತಿಗೆ ಮೀಸಲಿಡಿ. ಹಾಡಿಯ ಅಂಗನವಾಡಿ ಸಹಾಯಕಿ, ಅಥವಾ ಎಸ್ಸೆಸ್ಸೆಲ್ಸಿವರೆಗೆ ಓದಿ ಮನೆಯಲ್ಲಿರುವ ಹುಡುಗಿ ಒಬ್ಬಳನ್ನು ವಾರಕ್ಕೆ ಎರಡು ದಿನ ಕರೆಸಿ. ಅವಳು ಹಾಡಿಯ ಮಾತಿನಲ್ಲಿ ಕಥೆ ಹೇಳಲಿ, ನೀವು ಅದನ್ನೇ ಕನ್ನಡದಲ್ಲಿ ಹೇಳಿ. ದಿನಕ್ಕೆ ಎರಡು ಮೂರರಂತೆ, ನಿಮಗೆ ಬಾರದ 60-80 ಪದಗಳನ್ನು ಮಕ್ಕಳಿಂದ ಕಲಿತು ಕನ್ನಡ ಲಿಪಿಯಲ್ಲಿ ಪಟ್ಟಿ ಬರೆದು ಗೋಡೆಗೆ ಹಚ್ಚಿ: ಒಂದು ಕಡೆ ಹಾಡಿಯ ಪದ, ಪಕ್ಕದಲ್ಲಿ ಪುಸ್ತಕದ ಪದ. ಮಗುವಿನ ಮನೆಯ ಪದ ಗೋಡೆಯ ಮೇಲೆ ಅಕ್ಷರವಾಗಿ ನಿಲ್ಲುವುದು ಸಣ್ಣ ಸಂಗತಿಯಲ್ಲ. ಒಡಿಶಾದಲ್ಲಿ 2007ರಿಂದ ಬುಡಕಟ್ಟು ಭಾಷೆಗಳಲ್ಲೇ ಪಠ್ಯ ಮಾಡಿ, ಹತ್ತು ಭಾಷೆಗಳಿಂದ ಶುರುಮಾಡಿ ಇಪ್ಪತ್ತೊಂದಕ್ಕೆ ಹೆಚ್ಚಿಸಿದರು. ನಮ್ಮಲ್ಲಿ ಅಂಥ ಪಠ್ಯಕ್ಕೆ ಕಾಯುತ್ತ ಕೂರುವ ಅಗತ್ಯವಿಲ್ಲ. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಆಗಲೇ ಹೇಳಿದೆ.

ವಿಜ್ಞಾನದ ಪಾಠದಲ್ಲಂತೂ ನಿಮ್ಮ ಮಕ್ಕಳು ಪಟ್ಟಣದ ಮಕ್ಕಳಿಗಿಂತ ಮುಂದಿದ್ದಾರೆ. ಹೆಜ್ಜೇನು ಎತ್ತರದ ಕೊಂಬೆಗೋ ಬಂಡೆಗೋ ಒಂದೇ ದೊಡ್ಡ ಬಯಲು ಹುಟ್ಟು (ಜೇನುತಟ್ಟೆ) ಕಟ್ಟುತ್ತದೆ. ತುಡುವೆ ಜೇನು ಪೊಟರೆಯೊಳಗೆ ಸಾಲಾಗಿ ಹಲವು ಹುಟ್ಟು ಕಟ್ಟುತ್ತದೆ. ಕೋಲುಜೇನಿನದು ಸಣ್ಣ ರೆಂಬೆಗೆ ಒಂದೇ ಪುಟ್ಟ ಹುಟ್ಟು. ನಸರಿ ಜೇನಿಗೆ ಚುಚ್ಚುವ ಮುಳ್ಳೇ ಇಲ್ಲ. ಐದನೇ ತರಗತಿಯ ಮಗುವಿಗೆ ಇದನ್ನು ನೀವು ಹೇಳಿಕೊಡಬೇಕಾಗಿಲ್ಲ, ಅದೇ ಹೇಳುತ್ತದೆ. ಹೇಳಿದ್ದನ್ನು ಕೋಷ್ಟಕ ಮಾಡಿಸಿ: ಜೇನಿನ ಹೆಸರು, ಗೂಡಿನ ಜಾಗ, ಹುಟ್ಟುಗಳ ಸಂಖ್ಯೆ, ಬರುವ ತಿಂಗಳು, ಬಿಟ್ಟುಹೋಗುವ ತಿಂಗಳು. ವರ್ಗೀಕರಣ, ಷಡ್ಭುಜ, ಪರಾಗಸ್ಪರ್ಶ, ಋತುಮಾನ ಎಲ್ಲವೂ ಆ ಒಂದು ಕೋಷ್ಟಕದಲ್ಲಿ ಬಂದುಹೋಗುತ್ತವೆ. ಓದಲು ಬಾರದೆಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗ ಅಂದು ಬೋರ್ಡಿನ ಹತ್ತಿರ ಬರುತ್ತಾನೆ.

ಆರೋಗ್ಯದ ವಿಷಯವನ್ನು ಶಿಕ್ಷಕರು ಆರೋಗ್ಯ ಇಲಾಖೆಗೆ ಬಿಟ್ಟುಬಿಡುತ್ತಾರೆ. ಆದರೆ 'ಮಂದ', 'ಸೋಮಾರಿ' ಎನಿಸಿಕೊಂಡ ಮಗು ರಕ್ತಹೀನತೆಯಿಂದ ಬಳಲುತ್ತಿರಬಹುದು. ಒಂದರಿಂದ ಐದರ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ (45 ಮಿ.ಗ್ರಾಂ), ದೊಡ್ಡವರಿಗೆ ನೀಲಿ ಮಾತ್ರೆ (60 ಮಿ.ಗ್ರಾಂ) ಶಾಲೆಗೇ ಬರುತ್ತದೆ. ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳೆಸುತ್ತದೆ, ಮಕ್ಕಳು ಕದ್ದು ಎಸೆಯುತ್ತಾರೆ. ಬಿಸಿಯೂಟ ಆದ ಮೇಲೆ ನಿಮ್ಮ ಎದುರಲ್ಲೇ ನುಂಗಿಸಿ.

ಇನ್ನೊಂದು, ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್ ಅನೀಮಿಯಾ). ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿ ಈ ಆನುವಂಶಿಕ ಕಾಯಿಲೆ ಇದೆ. ಇದರ ತಪಾಸಣೆಗೆಂದೇ 2023ರ ಜುಲೈಯಲ್ಲಿ ರಾಷ್ಟ್ರೀಯ ಅಭಿಯಾನ ಶುರುವಾಯಿತು, 40 ವರ್ಷದವರೆಗಿನ ಎಲ್ಲರಿಗೂ ಪರೀಕ್ಷೆ ಉಚಿತ. ಪದೇಪದೇ ಕೈಕಾಲು ನೋವು, ಕಣ್ಣು ಹಳದಿಯಾಗುವುದು, ಆಟದಲ್ಲಿ ಬೇಗ ದಣಿಯುವುದು ಇದ್ದರೆ ಮಗುವಿನ ಹೆಸರು ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ. ಕಾಯಿಲೆ ಇದೆಯೆಂದು ಗೊತ್ತಾದ ಮಗುವಿಗೆ ವೈದ್ಯರನ್ನು ಕೇಳದೆ ಕಬ್ಬಿಣದ ಮಾತ್ರೆ ಬೇಡ. ನೀರಿನ ಬಾಟಲಿ ಡೆಸ್ಕಿನ ಮೇಲಿರಲಿ, ಕೇಳಿದಾಗಲೆಲ್ಲ ಶೌಚಕ್ಕೆ ಬಿಡಿ, ಚಳಿಯಲ್ಲಿ ಬೆಳಗಿನ ಡ್ರಿಲ್ ಮಾಡಿಸಬೇಡಿ. ಈ ಕಾಯಿಲೆಯಲ್ಲಿ ಮೂತ್ರಪಿಂಡ ಮೂತ್ರವನ್ನು ಗಟ್ಟಿ ಮಾಡಲಾರದು, ಆದ್ದರಿಂದ ಮಗು ಮತ್ತೆಮತ್ತೆ ಹೋಗಬೇಕಾಗುತ್ತದೆ, ರಾತ್ರಿ ಹಾಸಿಗೆಯಲ್ಲೂ ಆಗುತ್ತದೆ. ಹಾಸ್ಟೆಲಿನಲ್ಲಿ ಹಾಸಿಗೆ ಒದ್ದೆ ಮಾಡಿದ ಮಗುವನ್ನು ಎಲ್ಲರೆದುರು ಬೈದರೆ ಅದು ಓಡಿಹೋಗುತ್ತದೆ. 'ಹಾಸ್ಟೆಲಿಗೆ ಹೊಂದಿಕೊಳ್ಳಲಿಲ್ಲ' ಎಂಬ ಷರಾದ ಹಿಂದೆ ಇಂಥ ಕಾರಣ ಅಡಗಿರಬಹುದು, ವಿಚಾರಿಸಿ ನೋಡಿ.

ಕಾಗದಪತ್ರದ ಒಂದು ತಪ್ಪು ಮಗುವಿನ ಹತ್ತು ವರ್ಷವನ್ನು ಕೆಡಿಸಬಲ್ಲದು. ದಾಖಲಾತಿ ಪುಸ್ತಕದಲ್ಲಿ ಜಾತಿ ಕಾಲಮ್ಮಿನಲ್ಲಿ 'ಕುರುಬ' ಎಂದಷ್ಟೇ ಬರೆದಿದೆಯೇ ನೋಡಿ. ಮೈಸೂರು ಜಿಲ್ಲೆಯಲ್ಲಿ ಕುರುಬ ಎಂದರೆ ಹಿಂದುಳಿದ ವರ್ಗ. ಜೇನು ಕುರುಬ, ಕಾಡು ಕುರುಬ ಪರಿಶಿಷ್ಟ ಪಂಗಡ. 'ಜೇನು' ಎಂಬ ಒಂದು ಪದ ಬಿಟ್ಟುಹೋದರೆ ವಿದ್ಯಾರ್ಥಿವೇತನ, ವಸತಿ ಶಾಲೆಯ ಸೀಟು, ಮುಂದೆ ಉದ್ಯೋಗದ ಮೀಸಲಾತಿ ಎಲ್ಲದಕ್ಕೂ ಅಡ್ಡಿ. ಜೇನು ಕುರುಬರು ಮತ್ತು ಕೊರಗರು ರಾಜ್ಯದ ಎರಡೇ 'ವಿಶೇಷ ದುರ್ಬಲ ಬುಡಕಟ್ಟು'ಗಳು, ಅವರಿಗಿರುವ ಪ್ರತ್ಯೇಕ ಸೌಲಭ್ಯಗಳೂ ತಪ್ಪುತ್ತವೆ. ಶಾಲಾ ದಾಖಲೆ ತಿದ್ದುವ ಪ್ರಸ್ತಾವವನ್ನು ತಹಶೀಲ್ದಾರರ ಜಾತಿ ಪ್ರಮಾಣಪತ್ರದ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ, ನಾಲ್ಕು ಅಥವಾ ಐದನೇ ತರಗತಿಯಲ್ಲೇ ಮುಗಿಸಿ. ಹತ್ತನೇ ತರಗತಿಯ ಅಂಕಪಟ್ಟಿ ಬಂದ ಮೇಲೆ ತಿದ್ದುವುದು ಬಹಳ ಕಷ್ಟ. ಆಧಾರ್, ಪಡಿತರ ಚೀಟಿ, ಎಸ್‌ಎಟಿಎಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ವಿದ್ಯಾರ್ಥಿವೇತನ 'ಮಂಜೂರಾಗಿದೆ, ಜಮೆಯಾಗಿಲ್ಲ' ಎಂದು ತೋರಿಸಿದರೆ ಹೆಚ್ಚಿನ ಸಲ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ.

ಜನನ ಪ್ರಮಾಣಪತ್ರವಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ಅದು 14ನೇ ಸೆಕ್ಷನ್. ಆದರೂ ಹಾಡಿಯಲ್ಲಿ ಈಗಿರುವ ಕೂಸುಗಳ ಜನನ ನೋಂದಣಿ ಆಗಿದೆಯೇ ವಿಚಾರಿಸಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಹುಟ್ಟಿದ ದಿನಾಂಕಕ್ಕೆ ಆ ಪ್ರಮಾಣಪತ್ರವೇ ಪುರಾವೆ. ಅವರು ಕೆಲವೇ ವರ್ಷಗಳಲ್ಲಿ ನಿಮ್ಮ ಶಾಲೆಯ ಬಾಗಿಲಿಗೆ ಬರುತ್ತಾರೆ.

ಸಮುದಾಯದ ಸಾಧನೆಯ ಬಗ್ಗೆ ಅಂಕಿಅಂಶ ಓದುವಾಗ ಒಂದು ಎಚ್ಚರ. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದವರ ಸಾಕ್ಷರತೆ ಸುಮಾರು ಶೇ. 62, ಒಟ್ಟು ರಾಜ್ಯದ್ದು ಶೇ. 75. ಆದರೆ ಸುಮಾರು 42 ಲಕ್ಷ ಪರಿಶಿಷ್ಟ ಪಂಗಡದವರಲ್ಲಿ ಮುಕ್ಕಾಲು ಭಾಗ ನಾಯಕ ಸಮುದಾಯದವರು, ಹೆಚ್ಚಾಗಿ ಬಯಲಿನ ಊರುಗಳವರು. ಜೇನು ಕುರುಬರು ಸುಮಾರು 36 ಸಾವಿರ, ಸೋಲಿಗರು ಸುಮಾರು 34 ಸಾವಿರ, ಕೊರಗರು ಸುಮಾರು 15 ಸಾವಿರ ಮಾತ್ರ. ಸರಾಸರಿಯಲ್ಲಿ ಕಾಡಿನ ಮಗು ಕಾಣುವುದೇ ಇಲ್ಲ. ನಿಮ್ಮ ವರದಿಗಳಲ್ಲಿ ಸಮುದಾಯವಾರು ಲೆಕ್ಕ ಬರೆಯಿರಿ, ಯಾರೂ ಕೇಳದಿದ್ದರೂ.

ಇನ್ನು ಐದನೇ ತರಗತಿಯ ನಂತರದ ದಾರಿ. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಏಕಲವ್ಯ ಮಾದರಿ ವಸತಿ ಶಾಲೆಗಳಿವೆ. ಏಕಲವ್ಯದಲ್ಲಿ ಶೇ. 5 ಸೀಟು ವಿಶೇಷ ದುರ್ಬಲ ಬುಡಕಟ್ಟಿನ ಮಕ್ಕಳಿಗೆ ಮೀಸಲು. ಪ್ರಕಟಣೆ ಬರುವ ಹೊತ್ತಿಗೆ ನಿಮ್ಮ ಮಕ್ಕಳು ಕಾಫಿ ತೋಟದಲ್ಲಿರಬಹುದು, ಆದ್ದರಿಂದ ಫೋಟೊ, ಪ್ರಮಾಣಪತ್ರ, ಒಪ್ಪಿಗೆ ಸಹಿ ಎಲ್ಲವನ್ನೂ ಅಕ್ಟೋಬರ್‌ನಲ್ಲೇ ಒಂದು ಕಡತದಲ್ಲಿ ಸೇರಿಸಿಡಿ. ಆದರೆ ಏಕಲವ್ಯ ಶಾಲೆ ಸಿಬಿಎಸ್‌ಇ, ಇಂಗ್ಲಿಷ್ ಮಾಧ್ಯಮ. ಶಿಕ್ಷಕರ ನೇಮಕಾತಿ ಕೇಂದ್ರದಿಂದ, ಕನ್ನಡ ಬಾರದವರೂ ಬರುತ್ತಾರೆ. ಕನ್ನಡದಲ್ಲೇ ಕಥೆಯ ಹಂತ ದಾಟದ ಮಗುವನ್ನು 'ಸೀಟು ಸಿಕ್ಕಿತು' ಎಂದು ಕಳಿಸಿದರೆ ಅಲ್ಲಿ ಅದು ಮೂಕವಾಗುತ್ತದೆ. ಅಂಥ ಮಗುವಿಗೆ ಹತ್ತಿರದ ಆಶ್ರಮ ಶಾಲೆಯೋ (ಆದಿವಾಸಿ ಮಕ್ಕಳ ಸರ್ಕಾರಿ ವಸತಿ ಶಾಲೆ) ನಿಮ್ಮದೇ ಶಾಲೆಯೋ ಲೇಸು.

ಒಂಟಿಯಾಗಿ ಯಾರನ್ನೂ ಕಳಿಸಬೇಡಿ, ಒಂದೇ ಹಾಡಿಯ ಇಬ್ಬರು ಮೂವರು ಒಟ್ಟಿಗೆ ಹೋಗಲಿ. ಮೊದಲ ಮೂರು ವಾರ ವಾರಕ್ಕೊಮ್ಮೆ ಮನೆಯವರೊಂದಿಗೆ ಫೋನಿನಲ್ಲಿ ಮಾತಾಡಿಸಲು ವಾರ್ಡನ್‌ರನ್ನು ಕೇಳಿಕೊಳ್ಳಿ. ದಸರಾಕ್ಕೆ, ಹಾಡಿಯ ಹಬ್ಬಕ್ಕೆ ಬಂದ ಮಗು ರಜೆ ಮುಗಿದ ಮೂರು ದಿನದೊಳಗೆ ಹಿಂದಿರುಗದಿದ್ದರೆ ಅಂದೇ ಹಾಡಿಗೆ ಹೋಗಿ. ಒಂದು ವಾರ ಬಿಟ್ಟು ಹೋದರೆ ಅದು ಆಗಲೇ ಕೂಲಿಗೆ ಹೊರಟಿರುತ್ತದೆ. ಹೋಗುವಾಗ ಬೆಳಗ್ಗೆ ಏಳಕ್ಕೆ ಮೊದಲು ಅಥವಾ ಸಂಜೆ ಹೋಗಿ, ಹಾಡಿಯ ಯಜಮಾನರನ್ನು ಮೊದಲು ಮಾತಾಡಿಸಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಹಾಡಿಯ ತಾಯಂದಿರು ಇರುವಂತೆ ನೋಡಿಕೊಳ್ಳಿ. ಮತ್ತು ಸಭೆಯನ್ನು ಶಾಲೆಯಲ್ಲಿ ಕರೆಯುವ ಬದಲು ಎರಡು ಸಲಕ್ಕೊಮ್ಮೆ ಹಾಡಿಯಲ್ಲೇ ನಡೆಸಿ.

ದಾರಿಯಲ್ಲಿ ಆನೆ ಇರುವ ಹಾಡಿಗಳ ಮಕ್ಕಳಿಗೆ ವಾಹನ ಕೊಡುವುದು ಸರ್ಕಾರದ ಹೊಣೆ. ಒಂದು ಕಿಲೋಮೀಟರಿನೊಳಗೆ ಕಿರಿಯ ಪ್ರಾಥಮಿಕ, ಮೂರರೊಳಗೆ ಹಿರಿಯ ಪ್ರಾಥಮಿಕ ಶಾಲೆ ಇರಬೇಕು, ಇಲ್ಲದಿದ್ದರೆ ಸಾರಿಗೆ ಅಥವಾ ವಸತಿ ಏರ್ಪಾಡು ಮಾಡಬೇಕು. ಮಲೆ ಮಹದೇಶ್ವರ ಬೆಟ್ಟದ ಕಾಡೂರುಗಳಿಗೆ 'ಜನ-ವನ ಸಾರಿಗೆ' ಎಂಬ ಜೀಪುಗಳು ಬಂದದ್ದು ಅರಣ್ಯ ಇಲಾಖೆಯ ಮೂಲಕ. ನಿಮ್ಮ ಅರ್ಜಿಯನ್ನೂ ಶಿಕ್ಷಣ ಇಲಾಖೆ, ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿ, ವಲಯ ಅರಣ್ಯಾಧಿಕಾರಿ ಮೂವರಿಗೂ ಒಟ್ಟಿಗೆ ಕೊಡಿ, ಮಕ್ಕಳ ಹೆಸರು, ಹಾಡಿ, ದೂರ ಬರೆದ ಪಟ್ಟಿ ಜೊತೆಗಿರಲಿ. ವಾಹನ ಬರುವವರೆಗೆ ಆ ಮಕ್ಕಳನ್ನು ಮೂರೂವರೆಗೇ ಬಿಡಿ, ದೊಡ್ಡವರೊಬ್ಬರು ಜೊತೆಗೆ ನಡೆಯಲಿ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಶುರುಮಾಡಿದರು, ಅಲ್ಲಿ ಶಾಲೆಯೂ ಬೆಳೆಯಿತು. ಸೋಲಿಗ ಸಮುದಾಯದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದು, ಆ ಬೆಟ್ಟದ ಅರಣ್ಯ ಹಕ್ಕುಗಳ ಕೆಲಸದಲ್ಲಿ ದುಡಿದವರು. ಹಾಡಿಯ ತಾಯಿಯೊಬ್ಬರು "ಓದಿ ಏನಾಗ್ತದೆ?" ಎಂದು ಕೇಳಿದಾಗ ಮೈಸೂರಿನ ಡಾಕ್ಟರ ಉದಾಹರಣೆ ಕೊಡಬೇಡಿ, ಮಾದೇಗೌಡರ ಹೆಸರು ಹೇಳಿ. ಅದಕ್ಕಿಂತಲೂ, ಪಕ್ಕದ ಹಾಡಿಯಲ್ಲಿ ನರ್ಸೋ ಅರಣ್ಯ ರಕ್ಷಕಿಯೋ ಆಗಿರುವವರು ಒಬ್ಬರಿದ್ದರೆ ಅವರನ್ನೇ ಮುಂದಿನ ಸಭೆಗೆ ಕರೆತನ್ನಿ.